ಮೂರು ದಿನವೂ ಸಾವಿರ ಎಂದೆ

ಮೆಟ್ಟಿಲ ಕೆಳಗಿನ ಕಪಾಟಿನೊಳಗೆ ಯಾರೋ ಕುಳಿತು ಉಸಿರಾಡುತ್ತಿದ್ದಾರೆ ಅನಿಸಿತು. ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸದ ಮೊದಲ ಬೆಳಿಗ್ಗೆ ಅದು. ಕಸಬರಿಗೆ ಹುಡುಕುತ್ತ ಅಲ್ಲಿ ನಿಂತಿದ್ದೆ. ಗುಳುಕ್ ಎಂದಿತು, ಸ್ವಲ್ಪ ಬಿಡುವು, ಮತ್ತೆ ಗುಳುಕ್. ಧೈರ್ಯ ಮಾಡಿ ಬಾಗಿಲು ತೆರೆದರೆ ಬಿಂದಿಗೆಯಷ್ಟು ದೊಡ್ಡ ಗಾಜಿನ ಜಾಡಿ. ಅದರ ತುಂಬ ಮಬ್ಬು ಹಳದಿ ನೀರು. ಬಾಯಿಗೆ ಬಿಗಿದ ಬಿರಡೆಯಲ್ಲಿ ಬಾಗಿದ ನಳಿಗೆ, ನಳಿಗೆಯೊಳಗಿನ ಒಂದಿಷ್ಟು ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ವಾಸನೆ ಮೂಗಿಗೆ ಬಡಿದದ್ದೇ ಎರಡು ಹೆಜ್ಜೆ ಹಿಂದೆ ಸರಿದೆ. ಆ ವಾಸನೆ ನನಗೆ ಗೊತ್ತಿತ್ತು. ಸೇಂದಿ ಅಂಗಡಿಯಿಂದ ಬಂದ ನಮ್ಮಪ್ಪನ ಅಂಗಿಯಲ್ಲಿ ಅದು ಇರುತ್ತಿತ್ತು.

"ಹೆದರ್ಕೋಬೇಡ ಮ್ಯಾನ್, ಅದು ಸೈಡರ್," ಎಂದರು ಹಿಂದಿನಿಂದ ಆ ಮನೆಯ ಒಡತಿ ನಾರ್ಮಾ ಆಂಟಿ. ಸೇಬಿನ ರಸಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸಿದರೆ ಅದೇ ಸೈಡರ್. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ ಸೇಬಿನ ಹೆಂಡ.

ನಾನು ಶಹಾಪುರದವಳು. ಅಲ್ಲೊಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿದ್ದೆ. ಗಂಡನಿಗೆ ಇಂದಿರಾನಗರದ ಒಂದು ಕಟ್ಟಡದಲ್ಲಿ ಲಿಫ್ಟ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದರಿಂದ ಜೋಗುಪಾಳ್ಯದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆವು. ನಮ್ಮಲ್ಲಿ ಅಂಗಳದಲ್ಲಿ ನಿಂತು ಕೂಗಿದರೆ ಮೂರನೇ ಮನೆಯವರು ಓಗೊಡುತ್ತಾರೆ. ಇಲ್ಲಿ ರೊಟ್ಟಿ ಬಡಿದರೆ ಸಾಕು, ಕೆಳಗಿನ ಮನೆಯ ಒಡತಿ ಸೆಲ್ವಿ ಮೇಲೆ ಬರುತ್ತಿದ್ದಳು. "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಗೋಡೆ ಒಡೀತಿದ್ದೀಯಾ?" ಜೋಳದ ರೊಟ್ಟಿಯ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಂದು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಇಲ್ಲಿಯವರ ಮಾತಿನಲ್ಲಿ ಚಟ್ನಿಪುಡಿ, ಹಚ್ಚಿ ಕೊಟ್ಟೆ. ಮರುದಿನ ಸದ್ದು ಕೇಳಿ ಬಂದವಳು ತಟ್ಟೆ ಹಿಡಿದೇ ಬಂದಳು.

ಅಂಗಡಿಗಳಲ್ಲಿ ತಮಿಳು, ರಿಚರ್ಡ್ಸ್ ಟೌನಿನ ಆಂಟಿಯ ಮನೆಯಲ್ಲಿ ಅರ್ಧ ಇಂಗ್ಲಿಷು. ನನ್ನ ಕನ್ನಡ ಕೇಳಿದವರು "ನಿಮ್ದು ಯಾವ ಕಡೆ ರೀ?" ಎಂದು ನಗುತ್ತಿದ್ದರು. ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಮಾತ್ರ ಗೆದ್ದೆ. ಆಂಟಿಗಾಗಿ ಪೆಟ್ಟಾದ ಸೇಬು ತರಲು ಹೋದಾಗ ಅಂಗಡಿಯವನು ಹೇಳಿದ ರೇಟಿಗೆ, ನಮ್ಮೂರಲ್ಲಿ ಆಡುವ ಉರ್ದುವಿನಲ್ಲೇ, "ಕೈಕು ಇತ್ತಾ ಬೋಲ್ರೇ ಭಾಯ್, ದಾಗಾಂ ಹೈಂ ನಾ" ಎಂದೆ. ಕಲೆ ಬಿದ್ದ ಹಣ್ಣಿಗೆ ಯಾಕೆ ಇಷ್ಟು ಹೇಳುತ್ತೀರಿ ಎಂದು. ಅವನು ತಲೆಯೆತ್ತಿ ನನ್ನ ಹಣೆಯ ಕುಂಕುಮ ನೋಡಿ, ನಕ್ಕು, ಮೇಲೆ ಎರಡು ಹಣ್ಣು ಹೆಚ್ಚಿಗೆ ಹಾಕಿದ.

ನಾರ್ಮಾ ಆಂಟಿ ಆಂಗ್ಲೋ ಇಂಡಿಯನ್, ವಯಸ್ಸು ಎಂಬತ್ತರ ಹತ್ತಿರ. ಮದುವೆಯಾದವರಲ್ಲ. ಶಾಲೆಯಲ್ಲಿ ಪಿಯಾನೋ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಓಡಾಡುವಷ್ಟು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವರ ತಂಗಿಯ ಮಗಳು ಶ್ಯಾರನ್ ಬೆನ್ಸನ್ ಟೌನಿನಲ್ಲಿದ್ದಳು. ಹಗಲು ಆಂಟಿಯ ಜೊತೆಗಿರಲು ನನ್ನನ್ನು ಗೊತ್ತುಮಾಡಿದ್ದು ಅವಳೇ.

ಸೈಡರ್ ಮಾಡುವುದು ಕಷ್ಟವೇನಲ್ಲ. ಹಣ್ಣನ್ನು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ರಸಕ್ಕೆ ಸಕ್ಕರೆ, ಯೀಸ್ಟ್ ಹಾಕಿ ಜಾಡಿಗೆ ತುಂಬಿದರೆ ಎರಡು ವಾರದ ಕೆಲಸ. ಕಷ್ಟವಿರುವುದು ಅದು ಮುಗಿಯಿತೋ ಇಲ್ಲವೋ ಎಂದು ತಿಳಿಯುವುದರಲ್ಲಿ. ಗುಳ್ಳೆ ನಿಂತಿತೆಂದರೆ ಮುಗಿಯಿತು ಎಂದಲ್ಲ. ಚಳಿ ಬಿದ್ದರೂ ಗುಳ್ಳೆ ನಿಲ್ಲುತ್ತದೆ. "ಯೀಸ್ಟ್ ಮಲಗಿರುತ್ತೆ ಅಷ್ಟೆ, ಸತ್ತಿರಲ್ಲ," ಎನ್ನುತ್ತಿದ್ದರು ಆಂಟಿ. ಅದಕ್ಕೆ ಅವರ ಹತ್ತಿರ ಒಂದು ಗಾಜಿನ ಕಡ್ಡಿ ಇತ್ತು. ಹಾಲಿನ ಡೇರಿಯಲ್ಲಿ ನೀರು ಬೆರೆಸಿದ್ದಾರೋ ಎಂದು ನೋಡಲು ಹಾಲಿನಲ್ಲಿ ತೇಲಿಬಿಡುತ್ತಾರಲ್ಲ, ಅಂಥದ್ದೇ. ಆಂಟಿ ಅದನ್ನು ಫ್ಲೋಟ್ ಎನ್ನುತ್ತಿದ್ದರು. ಸಿಹಿ ರಸದಲ್ಲಿ ಅದು ಎತ್ತರಕ್ಕೆ ತೇಲಿ ಸಾವಿರದ ಅರವತ್ತರ ಗೆರೆ ತೋರಿಸುತ್ತದೆ. ಯೀಸ್ಟ್ ಸಕ್ಕರೆಯನ್ನು ತಿನ್ನುತ್ತ ಹೋದಂತೆ ಕಡ್ಡಿ ಕೆಳಗಿಳಿಯುತ್ತದೆ. ಸಾವಿರದ ಗೆರೆಗೆ ಬಂದು ಮೂರು ದಿನ ಅಲುಗದೆ ನಿಂತರೆ ಮುಗಿಯಿತು, ಬಾಟಲಿಗೆ ತುಂಬಬಹುದು. ಸಕ್ಕರೆ ಉಳಿದಿರುವಾಗಲೇ ತುಂಬಿ ಮುಚ್ಚಿದರೆ ಒಳಗೆ ಗಾಳಿ ಹುಟ್ಟುತ್ತಲೇ ಇರುತ್ತದೆ. ಬಾಟಲಿ ಒಡೆಯುತ್ತದೆ.

ಆ ಗೆರೆ ಓದುವ ಕಣ್ಣು ನನ್ನದು. ದಿನಾ ಹತ್ತು ಗಂಟೆಗೆ ಆಂಟಿ ಕೇಳುತ್ತಿದ್ದರು: "ನಂಬರ್ ಹೇಳು ಗಿರ್ಜಾ."

ಕಳೆದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆಂದು ಒಂದು ಜಾಡಿ ಹಾಕಿದ್ದೆವು. ಅದಕ್ಕೆ ಮೊದಲೇ ನಮ್ಮ ಎಳ್ಳ ಅಮಾಸಿ. ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಉಣ್ಣುವ ಹಬ್ಬ. ಎರಡು ವರ್ಷ ತಪ್ಪಿಹೋಗಿತ್ತು, ಈ ಸಲ ಬುಧವಾರ ಸಂಜೆಯ ಬಸ್ಸಿಗೆ ಸೀಟು ಹಿಡಿದಿದ್ದೆ. ಬಾಟಲಿ ತುಂಬುವ ಕೆಲಸ ಮುಗಿಸಿ ಹೋಗಬೇಕೆಂದು ಆಂಟಿಯ ಆಸೆ. ಸೋಮವಾರ ಫ್ಲೋಟ್ ಇಳಿಬಿಟ್ಟಾಗ ಸಾವಿರದ ಹತ್ತು. ಗುಳ್ಳೆ ಆಗಲೇ ನಿಂತಿತ್ತು. ಆ ವಾರದ ಚಳಿ ಹಾಗಿತ್ತು.

"ನಂಬರ್?"

"ಸಾವಿರ ರೀ ಆಂಟಿ," ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಬಸ್ಸಿನ ಅವಸರವಿತ್ತು, ನಿಜ. ಅದರ ಕೆಳಗೆ ಇನ್ನೊಂದಿತ್ತು. ಹೆಂಡಕ್ಕೆ ಇಷ್ಟೊಂದು ಮಡಿ ಯಾಕೆ, ಹೇಗಿದ್ದರೇನು ಎಂಬ ತಾತ್ಸಾರ. ಮಂಗಳವಾರ ಫ್ಲೋಟನ್ನು ಡಬ್ಬಿಯಿಂದ ತೆಗೆಯಲೂ ಇಲ್ಲ, ಸಾವಿರ ಎಂದೆ. ಬುಧವಾರವೂ ಅಷ್ಟೆ. ಬೇರೆ ದಿನಗಳಲ್ಲಾದರೆ ಆಂಟಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಸಿಹಿ ಹಿಡಿದುಬಿಡುತ್ತಿದ್ದರು. ಆಗ ಅವರಿಗೆ ನೆಗಡಿ, ರುಚಿಯೇ ತಿಳಿಯುತ್ತಿರಲಿಲ್ಲ.

"ಮೂರು ದಿನ ಸೇಮ್ ಅಲ್ವಾ?" ಎಂದು ಅವರು ಕೇಳಿದರು. "ಸೇಮ್ ರೀ," ಎಂದೆ. ಇಬ್ಬರೂ ಕೂತು ಹನ್ನೆರಡು ಸಣ್ಣ ಬಾಟಲಿ ತುಂಬಿ, ಬಿರಡೆ ಬಿಗಿದು, ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟೆವು.

ಊರಿನಿಂದ ತಿರುಗಿ ಬಂದಾಗ ಆಂಟಿಯ ಬಲಗೈಗೆ ಬಿಳಿ ಬ್ಯಾಂಡೇಜ್ ಇತ್ತು. ಶ್ಯಾರನ್ ಕೇಕ್ ಬೇಯಿಸಲು ಬಂದು ಗೂಡಿನ ಪಕ್ಕದಲ್ಲೇ ಓವನ್ ಉರಿಸಿದ್ದಳು. ಬಿಸಿಗೆ ಮಲಗಿದ್ದ ಯೀಸ್ಟ್ ಎದ್ದು ಒಂದು ಬಾಟಲಿ ಒಡೆದಿತ್ತು, ಅದರ ಏಟಿಗೆ ಪಕ್ಕದ ನಾಲ್ಕು. ಸದ್ದಿಗೆ ಒಳಗೆ ಓಡಿಬಂದ ಆಂಟಿ ಕಾಣದೆ ಚೂರಿನ ಮೇಲೆ ಕೈ ಊರಿದ್ದರು. ಅಂಗೈಗೆ ಹೊಲಿಗೆ ಬಿದ್ದಿತ್ತು.

"ನನ್ನದೇ ತಪ್ಪು ಗಿರ್ಜಾ," ಎಂದರು. "ಸಕ್ಕರೆ ಎರಡು ಸಲ ಹಾಕಿದ್ನೋ ಏನೋ. ನಲವತ್ತು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ."

ಆಗಲೇ ಹೇಳಬೇಕಿತ್ತು. "ಕೈ ನೋವ್ ಆಗ್ಲಿಕತ್ತದೇನ್ರಿ?" ಎಂದು ಕೇಳಿ ಟೀ ಮಾಡಲು ಹೋದೆ.

ಶ್ಯಾರನ್ ನನ್ನನ್ನು ಹಿತ್ತಲಿಗೆ ಕರೆದಳು. "ಆಂಟಿಗೆ ಮರೆವು ಶುರುವಾಗಿದೆ ರೀ. ಗ್ಯಾಸ್ ಆನ್ ಮಾಡಿ ಬಿಟ್ರೆ ಏನ್ ಗತಿ? ಇನ್ಮೇಲೆ ಕಿಚನ್‌ಗೆ ಬಿಡಬೇಡಿ." ಅಡುಗೆಮನೆಗೆ ಬೀಗ ಹಾಕಿಸಿ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ಸೆರಗಿಗೆ ಕಟ್ಟಿಕೊಂಡೆ. ಸಂಜೆ ಹೋಗುವಾಗ ಊಟ, ನೀರು ಹೊರಗಿಟ್ಟು ಬೀಗ ಹಾಕುತ್ತಿದ್ದೆ. ತಪ್ಪು ಮಾಡಿದವಳೇ ಕಾವಲುಗಾರ್ತಿಯಾದೆ. ಒಂದು ಲೋಟ ನೀರಿಗೂ ಆಂಟಿ ನನ್ನನ್ನು ಕರೆಯಬೇಕಾಯಿತು.

ಜನವರಿಯಲ್ಲಿ ಅವರನ್ನು ನೆನಪಿನ ಪರೀಕ್ಷೆಗೆ ಕರೆದೊಯ್ದರು. ನಾನೂ ಹೋಗಿದ್ದೆ. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಆಂಟಿ ಗೊತ್ತಿದ್ದೂ ಹೇಳಲು ಹೆದರಿ ನನ್ನ ಕಡೆ ತಿರುಗಿದರು. ಆ ಮಬ್ಬು ಕಣ್ಣು ನನ್ನ ಮುಖ ಹುಡುಕುತ್ತಿದ್ದುದನ್ನು ನೋಡಲಾರದೆ ತಲೆ ತಗ್ಗಿಸಿದೆ. ಶಹಾಪುರದ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದವಳು ನಾನು. ಊರಿನಲ್ಲಾಗಿದ್ದರೆ ಯಾರಾದರೂ ನನ್ನ ಮುಖ ನೋಡಿಯೇ ಏನಾಗ್ಯಾದ ಎಂದು ಹಿಡಿದು ಕೇಳುತ್ತಿದ್ದರು. ಇಲ್ಲಿ ನನ್ನ ಮುಖ ಓದುವಷ್ಟು ಬಳಕೆ ಯಾರಿಗೂ ಇರಲಿಲ್ಲ. ಅದು ಅನುಕೂಲವಾಗಿಯೇ ಇತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಗೇಟು ತೆರೆದು ಒಳಗೆ ಬಂದಾಗ ಆಂಟಿ ವರಾಂಡದ ಕುರ್ಚಿಯಲ್ಲಿ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಪಾಠ ಒಪ್ಪಿಸುವ ಮಕ್ಕಳ ಹಾಗೆ. "ಐದು ಲೀಟರ್ ಜ್ಯೂಸ್. ಕಾಲು ಕಿಲೋ ಸಕ್ಕರೆ. ಯೀಸ್ಟ್ ಒಂದು ಸ್ಪೂನ್. ಫ್ಲೋಟ್ ಸಾವಿರ, ಮೂರು ದಿನ." ಮುಗಿಸಿ ಮತ್ತೆ ಮೊದಲಿನಿಂದ ಹೇಳಿದರು. ನನ್ನ ಚಪ್ಪಲಿಯ ಸದ್ದು ಕೇಳಿ ನಿಲ್ಲಿಸಿದರು.

"ಗಿರ್ಜಾ, ಆ ಮೂರು ದಿನ ನಾನು ನಂಬರ್ ಕೇಳಿದ್ನಾ? ಕೇಳಿದ ಹಾಗೆ ನೆನಪು. ಆದ್ರೆ ಈಗ ನನ್ನ ನೆನಪನ್ನ ನಾನೇ ನಂಬಕ್ಕಾಗ್ತಿಲ್ಲ."

ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ.

"ಕೇಳಿದ್ರಿ ಆಂಟಿ. ಮೂರೂ ದಿನ ಕೇಳಿದ್ರಿ. ನಾನೇ ಸುಳ್ಳ ಹೇಳ್ದೆ. ಅದು ಸಾವಿರದ ಹತ್ತಕ್ಕೇ ನಿಂತಿತ್ತು. ಕಡೀ ಎರಡು ದಿನ ನಾ ನೋಡೇ ಇಲ್ಲ."

"ಯಾಕೆ?"

"ಊರಿಗೆ ಹೋಗೋದಿತ್ರಿ. ಹೆಂಡ ತಾನೇ, ಹ್ಯಾಂಗಿದ್ರೇನು ಅಂದ್ಕೊಂಡೆ."

ಅವರು ಬಲಗೈಯ ಗಾಯದ ಗೆರೆಯನ್ನು ಎಡಗೈ ಬೆರಳಿಂದ ಸವರುತ್ತ ಕುಳಿತರು.

"ಎರಡು ತಿಂಗಳು," ಎಂದರು ಕೊನೆಗೆ. "ಎರಡು ತಿಂಗಳು ನನ್ನ ತಲೆ ಹೋಯ್ತು ಅಂದ್ಕೊಂಡಿದ್ದೆ. ನೀನು ದಿನಾ ಬಂದು ನನಗೆ ಟೀ ಕೊಡ್ತಿದ್ದೆ." ಆಮೇಲೆ ಕೈ ಚಾಚಿದರು. "ಕೀ ಕೊಡು."

ಸೆರಗಿನ ಗಂಟು ಬಿಗಿದಿತ್ತು, ಹಲ್ಲು ಹಚ್ಚಿ ಬಿಚ್ಚತೊಡಗಿದೆ. ಅವರು ಎದ್ದು ಕಾಯುತ್ತ ನಿಂತರು, ಸಹಾಯ ಮಾಡಲಿಲ್ಲ. ಕೀಲಿ ತೆಗೆದುಕೊಂಡು ಗೋಡೆ ಸವರುತ್ತ ಹೋಗಿ, ತಾವೇ ಬೀಗ ತೆಗೆದು, ತಾವೇ ಒಲೆ ಹಚ್ಚಿದರು. ಒಳಗಿನಿಂದಲೇ ಹೇಳಿದರು: "ಶ್ಯಾರನ್‌ಗೆ ಫೋನ್ ಮಾಡಿ ನೀನೇ ಹೇಳು."

ಹೇಳಿದೆ. "ಟೆಸ್ಟ್ ಮಾಡಿಸ್ದಾಗ ಪಕ್ಕದಲ್ಲೇ ಕೂತಿದ್ರಲ್ಲ ರೀ!" ಎಂದು ಶ್ಯಾರನ್ ಕಿರುಚಿದಳು. "ಮನುಷ್ಯರಾ ನೀವು? ನಾಳೆಯಿಂದ ಬರಬೇಡಿ." ಆಂಟಿ ಫೋನ್ ಕಸಿದುಕೊಂಡು ಇಂಗ್ಲಿಷಿನಲ್ಲಿ ಏನೋ ಗಟ್ಟಿಯಾಗಿ ಹೇಳಿದರು. ನನಗೆ ಅರ್ಥವಾದದ್ದು ಇಷ್ಟೇ: "ಯಾರು ಬರಬೇಕು, ಯಾರು ಬರಬಾರದು ಎಂದು ಈ ಮನೆಯಲ್ಲಿ ಹೇಳುವವಳು ನಾನು."

ಕ್ಷಮಿಸಿದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಈಸ್ಟರಿಗೆಂದು ಮಾರ್ಚಿನಲ್ಲಿ ಮತ್ತೆ ಜಾಡಿ ಹಾಕಿದರು. ಸೆಕೆಗೆ ಹತ್ತೇ ದಿನದಲ್ಲಿ ಗುಳ್ಳೆ ನಿಂತಿತು. ಹತ್ತು ಗಂಟೆಗೆ "ನಂಬರ್ ಹೇಳು" ಎಂದರು. ಹೇಳಿದೆ. ಆಮೇಲೆ ಎದುರು ಮನೆಯ ಡೇವಿಡ್ ಅಂಕಲ್ಲನ್ನು ಕರೆದು ಅವರಿಂದಲೂ ಓದಿಸಿದರು. ಎರಡನೆಯ ದಿನವೂ, ಮೂರನೆಯ ದಿನವೂ ಹಾಗೆಯೇ. ಮೂರೂ ದಿನ ನಮ್ಮಿಬ್ಬರ ನಂಬರು ಒಂದೇ ಬಂತು. ಆಂಟಿ ಡೇವಿಡ್ ಅಂಕಲ್‌ಗೆ ಥ್ಯಾಂಕ್ಸ್ ಹೇಳಿದರು. ನಾನು ಫ್ಲೋಟ್ ತೊಳೆದು ಒರೆಸಿ ಡಬ್ಬಿಯಲ್ಲಿಟ್ಟೆ.

ಈಸ್ಟರ್ ದಿನ ಮಧ್ಯಾಹ್ನ ಮನೆ ತುಂಬ ಜನ. ಆಂಟಿ ಒಂದೊಂದೇ ಗ್ಲಾಸು ತುಂಬಿ ಎಲ್ಲರ ಮುಂದಿಟ್ಟರು. ಕೊನೆಯದನ್ನು ನನ್ನ ಮುಂದಿಟ್ಟು, "ಹೆಂಡ," ಎಂದರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಶ್ಯಾರನ್ ನೋಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅಂಥದ್ದನ್ನು ಬಾಯಿಗೆ ಮುಟ್ಟಿಸಿದವಳಲ್ಲ. ನಮ್ಮ ಮನೆಯ ಹೆಂಗಸರು ಯಾರೂ ಮುಟ್ಟಿಸಿದವರಲ್ಲ. ಬೇಡ ಎಂದರೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಆದರೆ ಅವರ ಕೈಯ ಆ ಗಾಯದ ಗೆರೆ ನನ್ನ ಕಣ್ಣೆದುರಿಗೇ ಇತ್ತು. ಗ್ಲಾಸು ಎತ್ತಿ ಒಂದು ಗುಟುಕು ಕುಡಿದೆ. ಹುಳಿ. ಸಿಹಿ ಒಂದು ಚೂರೂ ಉಳಿದಿರಲಿಲ್ಲ.

"ಮುಗಿದಿದ್ಯಾ?" ಎಂದು ಕೇಳಿದರು ಆಂಟಿ.

"ಮುಗಿದದ ರೀ," ಎಂದೆ.

ಸಂಜೆ ಜೋಗುಪಾಳ್ಯದ ರೂಮಿಗೆ ಬಂದ ಮೇಲೆ ಊರಿನಿಂದ ಅವ್ವನ ಫೋನು ಬಂತು. "ಅವರ ಹಬ್ಬ ಅಂದಿದ್ದಿಯಲ್ಲ, ಏನ್ ಕೊಟ್ರು ಉಣ್ಲಾಕ?"

"ಕೇಕ್ ಕೊಟ್ರವ್ವ."

"ಮತ್ತ?"

ರಿಚರ್ಡ್ಸ್ ಟೌನಿನ ಆ ಮನೆಯಲ್ಲಿ ಈಗ ನಾನು ಸುಳ್ಳು ಹೇಳುವುದಿಲ್ಲ. ಬಾಯಲ್ಲಿ ಆ ಹುಳಿ ಇನ್ನೂ ಹೋಗಿರಲಿಲ್ಲ. ಅವ್ವ ಆ ತುದಿಯಲ್ಲಿ ಕಾಯುತ್ತಿದ್ದಳು.

"ಮತ್ತೇನಿಲ್ಲವ್ವ," ಎಂದೆ.