ಲೇತಿನ ಮುಂದೆ ಜಡೆ

ಇಂದು ಮಗಳ ಜೊತೆ ಠಾಣೆ ಪೇಟೆಯಲ್ಲಿ ರೈಲಿಗೆ ಹೋಗುವಾಗ ಒಂದು ವರ್ಕ್‌ಶಾಪಿನಿಂದ ಬಿಸಿ ಎಣ್ಣೆ, ಕಬ್ಬಿಣದ ವಾಸನೆ ಬಂತು. ನಿಂತುಬಿಟ್ಟೆ.

ಡೊಂಬಿವಲಿಯ ನಮ್ಮ ಶಾಲೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಕಲಿಸುತ್ತಿದ್ದ ವಿಜಯಪುರದ ಸರ್ ಹುಡುಗಿಯರನ್ನು ಯಂತ್ರದ ಹತ್ತಿರ ಬಿಡುತ್ತಿರಲಿಲ್ಲ. ನಮ್ಮದು ಕಬ್ಬಿಣದ ಚೂರು ಗುಡಿಸುವ ಕೆಲಸ. ಒಂದು ದಿನ ಜಡೆಯನ್ನು ಸುತ್ತಿ, ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಅಪ್ಪನ ತಲೆಬಟ್ಟೆಯನ್ನು ಅದರ ಮೇಲೆ ಬಿಗಿದು, ಹುಡುಗರ ಸಾಲಿನಲ್ಲಿ ನಿಂತೆ.

"ಏನವ್ವಾ, ಜಡಿ ಸಿಕ್ಕೊಂಡ್ರ ನಿಮ್ಮಪ್ಪ ನನ್ನ ಬಿಡ್ತಾನೇನು?"

"ಜಡೆ ಕಟ್ಟಿ ಆಗಿದೆ ಸರ್. ನಿಮ್ಮ ಶರ್ಟಿನ ತೋಳೇ ನೇತಾಡ್ತಾ ಉಂಟು."

ಸರ್ ತೋಳು ಮಡಚಿಕೊಂಡು ಪಕ್ಕಕ್ಕೆ ಸರಿದರು. ನಾನು ಕಡೆದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳುವಾಯಿತು. ಹುಡುಗರು ನಕ್ಕರು. ಇನ್ನೊಂದು ಸರಳು ಕೊಡಿ ಎಂದೆ.

"ಅಮ್ಮ, ಚಲ್ ನಾ, ಟ್ರೇನ್ ಛೂಟೇಗಿ," ರೈಲು ತಪ್ಪುತ್ತದೆ ಎಂದು ಮಗಳು ಕೈ ಎಳೆದಳು. ವರ್ಕ್‌ಶಾಪಿನೊಳಗಿನ ಲೇತ್ ನಿಲ್ಲುವವರೆಗೂ ನಾನು ಕದಲಲಿಲ್ಲ.