ಶರಣಮ್ಮನ ಎದೆಯ ಸದ್ದು

ಶೈಲಜಾ ಮೆಡಿಕಲ್ ಓದಿದ್ದು ವೈಟ್‌ಫೀಲ್ಡ್ ದಾಟಿದ ಮೇಲೆ ಸಿಗುವ ಒಂದು ಹೊಸ ಕಾಲೇಜಿನಲ್ಲಿ. ಮನೆ ನಾಗಸಂದ್ರದಲ್ಲಿ. ಕೊಪ್ಪಳದ ಕಡೆಯಿಂದ ಬಂದ ತಂದೆ ಮಡಿವಾಳಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗಿಬರುವುದರಲ್ಲೇ ಹುಡುಗಿಯ ಅರ್ಧ ದಿನ ಕಳೆದುಹೋಗುತ್ತಿತ್ತು.

೨೦೧೪ರಲ್ಲಿ ಮೆಡಿಸಿನ್ ವಿಭಾಗದ ಪ್ರೊಫೆಸರುಗಳು ಒಬ್ಬೊಬ್ಬರಾಗಿ ಕಾಲೇಜು ಬಿಟ್ಟರು. ಅವರ ಬದಲಿಗೆ ಆಡಳಿತ ಮಂಡಳಿ ಆನ್‌ಲೈನ್ ಪಾಠ ತಂದಿತು. ದೂರದ ಊರಿನ ಡಾಕ್ಟರರು ಮಾಡಿದ ಪಾಠದ ವಿಡಿಯೊಗಳನ್ನು ಮನೆಯಲ್ಲೇ ಕೂತು ನೋಡಬಹುದಿತ್ತು. ಅರ್ಥವಾಗದ್ದನ್ನು ಮತ್ತೆ ಹಾಕಿಕೊಳ್ಳಬಹುದು, ಬೈಯುವವರಿಲ್ಲ. ಪಾಠ ತೃಪ್ತಿ ತಂದಿದೆಯೇ ಎಂದು ಕಾಲೇಜಿನವರು ಕೇಳಿದಾಗ ಶೈಲಜಾ ಪೂರ್ತಿ ಅಂಕ ಕೊಟ್ಟಳು. ಅವಳ ಗೆಳೆಯ ಸಂಗಮೇಶನೂ ಕೊಟ್ಟ. ಕಾಲೇಜಿನ ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲಾಗಿದ್ದವು, ರೋಗಿಗಳು ಮಾತ್ರ ವಿರಳ. ಅದರ ಬಗ್ಗೆ ಯಾರೂ ಕೇಳಲಿಲ್ಲ.

ಹೃದಯದ ಪಾಠ ಬಂದ ದಿನಗಳವು. ಇಯರ್‌ಫೋನ್‌ನಲ್ಲಿ ಒಂದೊಂದು ಕಾಯಿಲೆಯ ಸದ್ದೂ ತೊಳೆದಿಟ್ಟಂತೆ ಸ್ವಚ್ಛವಾಗಿ ಕೇಳುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ತಾಯಿ ಶರಣಮ್ಮ ಹೇಳಿದಾಗ, ಸೋಫಾದಲ್ಲಿ ಕೂರಿಸಿಯೇ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಬಡಿತದ ನಡುವೆ ಏನೋ ಮಬ್ಬಾದ ಗುಡುಗುಡು. ತುಮಕೂರು ರಸ್ತೆಯ ಲಾರಿಗಳದ್ದಿರಬೇಕು ಅಂದುಕೊಂಡಳು.

“ಏನಿಲ್ಲಮ್ಮ. ತೂಕ ಜಾಸ್ತಿ ಆಗಿದೆ. ವಾಕಿಂಗ್ ಮಾಡು,” ಅಂದಳು.

ಮಡಿವಾಳಪ್ಪ ಆಸ್ಪತ್ರೆಗೆ ಹೋಗಿಬರೋಣ ಎಂದರೂ ಶರಣಮ್ಮ ಒಪ್ಪಲಿಲ್ಲ. “ಮನ್ಯಾಗ ಡಾಕ್ಟರ್ ಇರೂವಾಗ ದವಾಖಾನಿ ಯಾಕ್ರೀ?”

ಮಗಳ ಮಾತಿನಂತೆ ದಿನವೂ ನಡೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಪಾದ ಊದಿಕೊಂಡವು. ಮಲಗಲು ದಿಂಬಿನ ಮೇಲೆ ದಿಂಬು ಬೇಕಾಯಿತು. ಮಾತಿನ ನಡುವೆ ಕೆಮ್ಮು. ಶೈಲಜಾ ಮತ್ತೆ ಮತ್ತೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು. ಅದೇ ಲಾರಿ ಸದ್ದು.

ಒಂದು ದಿನ ಬಂದ್ ಇತ್ತು. ಕಾರ್ಖಾನೆಗಳು ಮುಚ್ಚಿದ್ದವು, ರಸ್ತೆ ಖಾಲಿ. ಫ್ಯಾನ್ ಆರಿಸಿ ತಾಯಿಯ ಎದೆಗೆ ಸ್ಟೆತಾಸ್ಕೋಪ್ ಒತ್ತಿದಳು. ಗುಡುಗುಡು ನಿಂತಿರಲಿಲ್ಲ. ಕೋಣೆಗೆ ಹೋಗಿ ವಿಡಿಯೊದ ಸದ್ದುಗಳನ್ನೆಲ್ಲ ಕೇಳಿದಳು. ಯಾವುದೂ ಸರಿಯಾಗಿ ಹೊಂದಲಿಲ್ಲ. ನಾಳೆ ಯಾರನ್ನಾದರೂ ಕೇಳಿದರಾಯಿತು ಎಂದುಕೊಂಡು ಸುಮ್ಮನಾದಳು. ತಿಂಗಳುಗಟ್ಟಲೆ ಏನಿಲ್ಲ ಎಂದವಳು ಈಗ ಹೇಗೆ ಹೇಳುವುದು?

ಮರುದಿನ ಬೆಳಿಗ್ಗೆ ವಾಕಿಂಗ್ ಹೊರಟ ಶರಣಮ್ಮ ಗೇಟಿನ ಬಳಿಯೇ ಕುಸಿದರು. ಕೆಮ್ಮಿದಾಗ ನಸುಗೆಂಪು ನೊರೆ ಬಂತು.

ಆಸ್ಪತ್ರೆಯಲ್ಲಿ ಉಸಿರು ಹತೋಟಿಗೆ ಬಂದ ಮೇಲೆ ಹಿರಿಯ ಡಾಕ್ಟರೊಬ್ಬರು ಶರಣಮ್ಮನನ್ನು ಎಡಮಗ್ಗುಲಿಗೆ ಹೊರಳಿಸಿ, ಶೈಲಜಾಳ ಅಂಗೈಯನ್ನು ಎದೆಯ ಮೇಲಿಟ್ಟರು. ಬೆಕ್ಕು ಗುರುಗುಡುವಂಥ ಸಣ್ಣ ಕಂಪನ ಕೈಗೆ ತಾಗಿತು. ಹೃದಯದ ಕವಾಟವೊಂದು ಕಿರಿದಾಗಿದೆ, ಬಹಳ ವರ್ಷಗಳದ್ದು ಎಂದರು.

“ಇದನ್ನ ವಿಡಿಯೊದಲ್ಲಿ ನೋಡಿದೀನಿ ಸಾರ್.”

“ನೋಡಿರ್ತೀಯಮ್ಮ,” ಅಂದರು ಡಾಕ್ಟರ್, ಮೆಲ್ಲಗೆ.

ಬಲೂನ್ ಹಾಕಿ ಕವಾಟ ಅಗಲಿಸಿದರು. ಶರಣಮ್ಮ ಬದುಕಿದರು. ಆದರೆ ಅಷ್ಟರೊಳಗೆ ಹೃದಯದಿಂದ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಮೆದುಳಿಗೆ ಹೋಗಿ ಎಡಗೈ ಸ್ವಾಧೀನ ತಪ್ಪಿತ್ತು. ಪೂಜೆಯಲ್ಲಿ ಇಷ್ಟಲಿಂಗ ಹಿಡಿದ ಆ ಕೈಗೆ ಮಡಿವಾಳಪ್ಪ ಕೆಳಗಿನಿಂದ ತಮ್ಮ ಕೈ ಆನಿಸುತ್ತಿದ್ದರು. ನೋಡಲು ಬಂದವರಿಗೆಲ್ಲ ಶರಣಮ್ಮ ತಮ್ಮ ಮಗಳೇ ರೋಗ ಪತ್ತೆ ಹಚ್ಚಿದಳೆಂದು ಹೇಳಿಕೊಳ್ಳುತ್ತಿದ್ದರು. ಮೊದಮೊದಲು ಶೈಲಜಾ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ದಿನ ಎಲ್ಲರ ಎದುರು ಪತ್ತೆ ಹಚ್ಚಿದ್ದು ತಾನಲ್ಲ ಎಂದಳು. ಶರಣಮ್ಮ ಅದನ್ನು ನಂಬಲಿಲ್ಲ.

ಓದು ಮುಗಿದ ಮೇಲೆ ಶೈಲಜಾ ಕೆಲಸಕ್ಕೆ ಸೇರದೆ ಆ ಹಿರಿಯ ಡಾಕ್ಟರರ ವಾರ್ಡಿನಲ್ಲೇ ನಿಂತಳು. ದಿನವಿಡೀ ರೋಗಿಗಳ ಎದೆ ಮುಟ್ಟಿ, ಕೇಳಿ, ತಪ್ಪು ಹೇಳಿ ಬೈಸಿಕೊಂಡು ಕಲಿತಳು. ಸಂಗಮೇಶ ದೊಡ್ಡನೆಕ್ಕುಂದಿಯ ಒಂದು ಕ್ಲಿನಿಕ್‌ನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದ. ಕಾರ್ಖಾನೆಯ ಕೆಲಸಗಾರರೇ ಅಲ್ಲಿಗೆ ಹೆಚ್ಚು ಬರುವವರು. ಶೈಲಜಾ ಫೋನ್ ಮಾಡಿ, ರೋಗಿಗಳನ್ನು ಎಡಮಗ್ಗುಲಿಗೆ ಮಲಗಿಸಿ ಎದೆಯ ಸದ್ದು ಕೇಳುತ್ತೀಯಾ ಎಂದಳು.

“ಟೈಮ್ ಎಲ್ಲಿದೆ ಮಗಾ,” ಎಂದು ಅವನು ನಕ್ಕ. “ಹೊರಗೆ ಕ್ಯೂ ನೋಡ್ಬೇಕು ನೀನು.”