ಅಂಗಳಕ್ಕೆ ಬಂದ ಕರಿಕೆ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಮಲಾಪುರದ ಬಾಳೆ ತೋಟಗಳಲ್ಲಿ ಅವ್ವ ಕುರ್ಪಿ ಹಿಡಿದು ಕರಿಕೆ ಕಿತ್ತಳು, ನಾನು ಕಲಬುರಗಿಯ ಗಾಜಿಪುರದಲ್ಲಿ ಬಾಡಿಗೆಯ ಖೋಲಿಯಲ್ಲಿದ್ದು ಓದಿದೆ. ಕರಿಕೆ ಎಂದರೆ ಗರಿಕೆಯೇ, ಆದರೆ ನಮ್ಮ ಕಡೆಯ ರೈತರಿಗೆ ಅದು ಹುಲ್ಲಲ್ಲ, ಹಗೆ. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಮತ್ತೆ ಹಬ್ಬುತ್ತದೆ. ಯಾರ ಹೊಲದಲ್ಲಿ ಅದು ಕಾಣುತ್ತದೋ ಆ ಮನೆಯವರು ಮೈಗಳ್ಳರು ಎಂದೇ ಮಾತು.

ಕಾಲೇಜಿನಲ್ಲಿ ಮಾತ್ರ ಹುಲ್ಲಿಗೆ ಬೇರೆಯೇ ಮರ್ಯಾದೆ. ಕಟ್ಟಡದ ಮುಂದೆ ಹಸಿರು ಲಾನು, ಸುತ್ತ ಸರಪಳಿ, ಹುಲ್ಲಿನ ಮೇಲೆ ಕಾಲಿಡಬಾರದು ಎಂಬ ಬೋರ್ಡು. ನನ್ನ ಅಡ್ಮಿಷನ್ನಿಗೆ ಬಂದಿದ್ದ ದಿನ ಅವ್ವ ಓದಲು ಬಾರದೆ ಅದರ ಅಂಚಿನಲ್ಲಿ ಬುತ್ತಿ ಬಿಚ್ಚಿ ಕುಳಿತಳು. ಕಾವಲುಗಾರ ಎಬ್ಬಿಸಿ ಕಳಿಸಿದ. ಗೇಟಿನ ಹೊರಗೆ ನಿಂತೇ ರೊಟ್ಟಿ ತಿಂದೆವು. ಅವ್ವ ಅದನ್ನು ಮರೆತಳು, ನಾನು ಮರೆಯಲಿಲ್ಲ. ನನ್ನದೊಂದು ಮನೆಯಾದರೆ ಮುಂದೆ ಹುಲ್ಲು ಬೆಳೆಸಬೇಕು, ಅದರ ನಟ್ಟನಡುವೆ ಅವ್ವನನ್ನು ಕೂರಿಸಬೇಕು ಎಂದು ಅಂದೇ ಮನಸ್ಸು ಮಾಡಿದ್ದೆ.

ಉಪನ್ಯಾಸಕಿಯಾಗಿ ಕೆಲವು ವರ್ಷಗಳಾದ ಮೇಲೆ ಊರಂಚಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಮನೆ ಕಟ್ಟಿದ ಗೌಂಡಿ ಅಂಗಳಕ್ಕೆಲ್ಲ ಶಹಾಬಾದ ಪರಸಿ ಕಲ್ಲು ಹಾಕಿಸಿಬಿಡಿ, ಕಸಬರಿಗೆ ಆಡಿಸಿದರೆ ಮುಗಿಯಿತು ಎಂದ. ನಾನು ಒಪ್ಪಲಿಲ್ಲ. ನರ್ಸರಿಯಿಂದ ಹುಲ್ಲಿನ ಹಾಸು ತಂದು ಎರೆಮಣ್ಣಿನ ಮೇಲೆ ಹಾಗೇ ಹೊದಿಸಿದೆ. ಎರೆಮಣ್ಣು ನೀರು ಇಂಗಿಸಲಿಲ್ಲ. ಹುಲ್ಲು ಮೊದಲು ಕೊಳೆಯಿತು, ಬಿಸಿಲು ಏರಿದಾಗ ನೆಲ ಬಿರುಕು ಬಿಟ್ಟು ಅಲ್ಲಲ್ಲಿ ಹಳದಿಯಾಯಿತು. ಆದರೂ ನೀರು ಹಾಯಿಸುತ್ತಲೇ ಇದ್ದೆ.

ಆಗಲೇ ಅವ್ವ ಕಮಲಾಪುರದಿಂದ ಬಂದಳು. ಸಂಜೆ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಂಗಳ ಬೋಳು. ಗೇಟಿನ ಪಕ್ಕ ಹುಲ್ಲಿನ ರಾಶಿ, ಪಕ್ಕದಲ್ಲಿ ಕುರ್ಪಿ.

'ಅಂಗಳ ತುಂಬ ಹುಲ್ಲು ಎದ್ದಿತ್ತು. ಮಂದಿ ಏನಂದಾರು? ಹಸನ ಮಾಡೀನಿ' ಎಂದಳು.

ಅದು ನಾನೇ ನೆಟ್ಟು ಹಚ್ಚಿದ್ದು ಎಂದು ತಿಳಿದಾಗ ಅವ್ವನ ಮುಖ ಬಿಗಿಯಿತು. 'ನಾ ಕರಿಕಿ ಕಿತ್ತು ನಿನ್ನ ಓದಿಸಿದ್ದು, ನೀ ಹುಲ್ಲು ಬೆಳಸಲಿ ಅಂತೇನು?'

'ನಿನ್ನ ಅದರ ಮ್ಯಾಲ ಕುಂದರಿಸಾಕ ಬೆಳಸಾಕತ್ತೀನಿ, ಯವ್ವಾ' ಎಂದೆ. ಬೋರ್ಡಿನ ಕಥೆ ನೆನಪಿಸಿದೆ. ಅವ್ವ ಕುರ್ಪಿ ಎತ್ತಿಕೊಂಡು ಅದರ ಮಣ್ಣು ಒರೆಸಿದಳು. ಹುಲ್ಲಿನ ಮೇಲೆ ಕುಳಿತುಕೊಳ್ಳುವೆ ಎಂದು ಮಾತ್ರ ಅನ್ನಲಿಲ್ಲ.

ಆ ಬೋಳು ನೆಲ ನೋಡುತ್ತಲೇ ನನಗೆ ಹೊಳೆಯಿತು. ಈ ಬಿಸಿಲಿಗೆ ತಾಳುವ ಹುಲ್ಲು ಬೇಕಾದರೆ ಅವ್ವನ ಕುರ್ಪಿಗೇ ಸೋಲದ ಹುಲ್ಲು ಬೇಕು. ಆಟದ ಮೈದಾನಗಳಿಗೂ ಕರಿಕೆಯನ್ನೇ ಹಚ್ಚುತ್ತಾರೆಂದು ಓದಿದ್ದೆ. ಅವ್ವನಿಗೆ ಹೇಳಿದರೆ ಮೊದಲ ಸಲ ನಕ್ಕಳು. ತಲೆ ಕೆಟ್ಟಿದೆ ನಿನಗೆ ಎನ್ನುತ್ತಲೇ ಊರಿಗೆ ಹೋದವಳು ಜೂನಿನ ಮಿರಗದ ಮಳೆಗೆ ಟೆಂಪೋದಲ್ಲಿ ಬಂದಿಳಿದಳು. ಹಿಂದೆ ಕಮಲಾಪುರದ ಕೆಮ್ಮಣ್ಣು, ಅದರ ಮೇಲೆ ಚೀಲಗಟ್ಟಲೆ ಕರಿಕೆ. ಬದುವಿನಲ್ಲಿ ಕಿತ್ತೆಸೆಯುವುದನ್ನು ಶಹರಕ್ಕೆ ಹೊತ್ತೊಯ್ಯುತ್ತಾಳೆಂದು ಊರವರೆಲ್ಲ ನಕ್ಕರಂತೆ.

ಈ ಸಲ ನಾನು ಅವಸರ ಮಾಡಲಿಲ್ಲ. ಮೇಲಿನ ಎರೆಮಣ್ಣು ತೆಗೆಸಿ ಕೆಮ್ಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರ ಕಲಸಿ ಹರಡಿದೆ. ನೀರು ನಿಲ್ಲದಂತೆ ಗೇಟಿನ ಕಡೆ ಇಳಿಜಾರು ಕೊಟ್ಟೆ. ಕರಿಕೆಯ ಬಳ್ಳಿಯನ್ನು ಗೆಣ್ಣು ಉಳಿಯುವಂತೆ ತುಂಡರಿಸಿ ಸಾಲು ಹಿಡಿದು ಊರಿದೆವು. ಮೊದಲ ತುಂಡು ಹಿಡಿದು ಅವ್ವ ಸುಮ್ಮನೆ ಕುಳಿತಳು. 'ಕೈ ಹೋಗವಲ್ದು ನೋಡು. ಜನ್ಮದಾಗ ಇದನ್ನ ಹಚ್ಚಿದಾಕಿ ಅಲ್ಲ ನಾ' ಎಂದಳು. ಆಮೇಲೆ ನನಗಿಂತ ಮುಂದೆ ಹೋದಳು.

ಕರಿಕೆ ಹಬ್ಬಿತು. ನಡುವೆ ತಲೆಯೆತ್ತಿದ ಜೇಕು ಎಂಬ ಕಳೆಯ ಗಡ್ಡೆಗಳನ್ನು ಅವ್ವ ಬಂದಾಗಲೆಲ್ಲ ಹುಡುಕಿ ತೆಗೆದಳು, ಕುರ್ಪಿಗೂ ಕೆಲಸ ಸಿಕ್ಕಿತು. ನಾನು ತುದಿ ಮಾತ್ರ ಕತ್ತರಿಸುತ್ತಿದ್ದೆ, ಬೋಳಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಇನ್ನೂ ಉದ್ದ ಬಿಟ್ಟೆ. ದಿನಾ ಚಿಮುಕಿಸುವ ಬದಲು ನಡುನಡುವೆ ಬಿಡುವು ಕೊಟ್ಟು ಬೆಳಗಿನ ಜಾವ ಬೇರಿಗೆ ಇಳಿಯುವಂತೆ ನೀರು ಹಾಯಿಸಿದೆ. ಆದರೂ ಕಲಬುರಗಿಯ ಮೇ ತಿಂಗಳು ಯಾರನ್ನೂ ಬಿಡುವುದಿಲ್ಲ. ಹುಲ್ಲು ಕಂದಿತು. ಹೋಯಿತು ನಿಮ್ಮ ಲಾನು ಎಂದು ಪಕ್ಕದ ಮನೆಯವರು ಮರುಗಿದರು. ನಾನು ಒಂದು ಬಳ್ಳಿ ಉಗುರಿನಿಂದ ಕೆರೆದು ನೋಡಿದೆ. ಗೆಣ್ಣು ಹಸಿರಿತ್ತು. ಮಳೆ ಬಿದ್ದ ವಾರದಲ್ಲೇ ಇಡೀ ಅಂಗಳ ಎದ್ದು ನಿಂತಿತು. ನಮ್ಮ ಓಣಿಯಲ್ಲಿ ಅಂಥ ಹಸಿರು ಇನ್ನೊಂದಿರಲಿಲ್ಲ.

ಅಷ್ಟಾದರೂ ಅವ್ವ ಕಟ್ಟೆಯ ಮೇಲೆಯೇ ಕೂಡುತ್ತಿದ್ದಳು. ಎಷ್ಟು ಕರೆದರೂ ಹುಲ್ಲಿಗೆ ಇಳಿಯಲಿಲ್ಲ.

ಶ್ರಾವಣದಲ್ಲಿ ಅವಳ ಜೊತೆ ತೋಟಗಳಲ್ಲಿ ದುಡಿದ ಗೆಳತಿಯರು ಮನೆ ನೋಡಲು ಬಂದರು. ಗೇಟು ದಾಟಿ ಹುಲ್ಲು ಕಂಡು, ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲೇ ನಿಂತರು. ನಾನು ಒಳಗಿನಿಂದ ಬರುವಷ್ಟರಲ್ಲಿ ಅವ್ವ ಕಟ್ಟೆಯಿಂದ ಇಳಿದಿದ್ದಳು. ಬರಿಗಾಲಲ್ಲಿ ನಟ್ಟನಡುವಿನ ತನಕ ನಡೆದು, ಸೆರಗು ಸರಿ ಮಾಡಿಕೊಂಡು ಕುಳಿತಳು.

'ಬರ್ರಿ, ಕುಂದರ್ರಿ. ಇಲ್ಲಿ ಎಬ್ಬಸವರು ಯಾರೂ ಇಲ್ಲ.'

ಎಲ್ಲರೂ ಕುಳಿತು ಬುತ್ತಿ ಬಿಚ್ಚಿದರು. ಮಾತಿನ ನಡುವೆ ಒಬ್ಬ ಗೆಳತಿಯ ಬೆರಳು ಅಭ್ಯಾಸಬಲದಿಂದ ಒಂದು ಕರಿಕೆ ಬಳ್ಳಿಯನ್ನು ಹಿಡಿದು ಎಳೆಯತೊಡಗಿತು. ಅವ್ವ ಅವಳ ಕೈ ಮೇಲೆ ಪಟ್ಟನೆ ಒಂದು ಕೊಟ್ಟಳು.

'ಬಿಡು ಅದನ್ನ. ನನ್ನ ಮಗಳು ಬೆಳಸ್ಯಾಳ.'